ಗೌರಮ್ಮನವರ ಪಥ್ಯ

ಕೆಲವು ವರ್ಷಗಳ ಹಿಂದೆ ನಾನು ಚಾಮರಾಜನಗರದಲ್ಲಿ ಯುರಾಲಜಿಸ್ಟ್, ಅಂದರೆ ಮೂತ್ರಾಂಗಗಳ ಸರ್ಜನ್ ಆಗಿದ್ದೆ. ಗುರುವಾರಗಳಂದು ಗುಂಡ್ಲುಪೇಟೆಯ ಕ್ಲಿನಿಕ್ಕಿಗೆ ಹೋಗುತ್ತಿದ್ದೆ. ಅದು ಚೆಂಡುಹೂವಿನ ಕಾಲ. ಹೂ ತುಂಬಿದ ಲಾರಿಗಳು ಹಾದುಹೋದಂತೆಲ್ಲ ಅದರ ಘಾಟು ಕಿಟಕಿಯಿಂದ ಬಂದು, ಮಧ್ಯಾಹ್ನಕ್ಕೆ ಒಂಥರಾ ಜೊಂಪು ಹತ್ತುತ್ತಿತ್ತು. ಆ ಜೊಂಪಿನೊಳಗೇ ಇಂದಿಗೂ ನನಗೆ ಸಿದ್ದಯ್ಯ ಕಾಣುತ್ತಾರೆ.

ಸಿದ್ದಯ್ಯ ಬೇಗೂರಿನ ಕಡೆಯವರು, ಪಂಚಾಯಿತಿಯ ನೀರುಗಂಟಿಯಾಗಿ ದುಡಿದು ನಿವೃತ್ತರಾದವರು. ಕ್ಯಾನ್ಸರ್ ಬಂದಿದ್ದ ಅವರ ಪ್ರಾಸ್ಟೇಟ್ ಗ್ರಂಥಿಯನ್ನು ನಾನೇ ತೆಗೆದು ವರ್ಷವಾಗಿತ್ತು. ರಕ್ತದ ಪಿಎಸ್‌ಎ ಪರೀಕ್ಷೆಯಲ್ಲಿ ಕ್ಯಾನ್ಸರ್ ಮರಳಿದ ಸುಳಿವಿರಲಿಲ್ಲ. ಮೂತ್ರ ಸೋರುವುದೂ ನಿಂತಿತ್ತು. "ಊರಿಗೆಲ್ಲ ನೀರ್ ಬುಡ್ತಿದ್ದೋನ್ಗೆ ನನ್ ನಲ್ಲೀನೇ ನಿಲ್ಸಕ್ಕಾಯ್ತಿರ್ನಿಲ್ಲ" ಎಂದು ನಗುತ್ತಿದ್ದರು. ನಾನೂ ನಕ್ಕು, ಎಲ್ಲ ಸರಿಯಿದೆ ಎಂದು ಬರೆದುಕೊಂಡುಬಿಡುತ್ತಿದ್ದೆ.

ಈ ಆಪರೇಷನ್ನಿನಲ್ಲಿ ಶಿಶ್ನ ನಿಮಿರಲು ಬೇಕಾದ ನರಗಳಿಗೆ ಪೆಟ್ಟು ಬೀಳುವುದುಂಟು. ಚೇತರಿಕೆ ನಿಧಾನ. ಮಾತ್ರೆ, ವ್ಯಾಕ್ಯೂಮ್ ಪಂಪ್, ಇಂಜೆಕ್ಷನ್ ಎಂಬ ದಾರಿಗಳಿವೆ. ಅಂಥ ಒಂದು ಗುರುವಾರ, ಮಾತ್ರೆ ಶುರುಮಾಡೋಣವೇ ಎಂದು ಸಿದ್ದಯ್ಯನವರನ್ನು ಕೇಳಿದೆ. ಅವರ ನಗು ಆರಿತು.

"ಬ್ಯಾಡ ಬುಡಿ ಸ್ವಾಮಿ. ಯಾರ್ಗೋಸ್ಕರ ನುಂಗ್ಲಿ? ಅವ್ಳು ವರ್ಸದಿಂದ ಜಗ್ಲೀಲಿ ಮಲಗ್ತಾಳೆ. ನನ್ ತಾವ ಬರೋಕೇ ಅಸಯ್ಯ ಅವ್ಳಿಗೆ."

ಹೆಂಡತಿ ಗೌರಮ್ಮ ಎಂದಿನಂತೆ ಹೊರಗೆ ಬೆಂಚಿನ ಮೇಲಿದ್ದರು. ಅಷ್ಟು ದಿನ ನಾನು ಅವರನ್ನು ಒಮ್ಮೆಯೂ ಒಳಗೆ ಕರೆದಿರಲಿಲ್ಲ. ಸಿದ್ದಯ್ಯನವರ ಒಪ್ಪಿಗೆ ಪಡೆದು ಕರೆಸಿ, ಮಾತ್ರೆಯ ವಿಷಯ ಹೇಳಿದೆ. ಆಕೆ ಸೆರಗು ಹೊದ್ದು, ನೆಲ ನೋಡುತ್ತ ಕೇಳಿದರು:

"ಮಾತ್ರೆ ಇರ್ಲಿ. ಪಥ್ಯ ಯಾವಾಗ ಬುಡುಸ್ತೀರಿ ಸ್ವಾಮಿ? ನಾ ಹೇಳೋಗಂಟ ದೂರ ಇರಿ ಅಂದಿದ್ರಿ. ಆಮೇಲೆ ಹೇಳ್ನೇ ಇಲ್ಲ."

ನನ್ನ ಮುಖ ಬಿಸಿಯಾಯಿತು. ಡಿಸ್ಚಾರ್ಜ್ ದಿನ ವಾರ್ಡಿನ ಬಾಗಿಲಲ್ಲಿ, ಅವಸರದಲ್ಲಿ ಆಕೆಯೊಬ್ಬರಿಗೇ ಹಾಗೆಂದಿದ್ದು ನಿಜ. ಗಾಯ ಮಾಯಲು ಕೆಲವು ವಾರ ಸಾಕು ಎಂಬುದು ನನ್ನ ಎಣಿಕೆಯಾಗಿತ್ತು. ಆದರೆ ಈ ಕಡೆ ನಾಟಿ ಔಷಧಿಯ ಪಥ್ಯವನ್ನು ಹಾಕಿದವರೇ ಬಿಡಿಸಬೇಕು. ಗಂಡನ ಜೀವಕ್ಕೆ ಹೆದರಿ ಆಕೆ ವರ್ಷವಿಡೀ ಕಾದಿದ್ದರು. ಗಂಡ ಅದನ್ನು ಹೇಸಿಗೆ ಎಂದುಕೊಂಡಿದ್ದರು.

"ನನ್ನಾದ್ರೂ ಕೇಳ್ಬಾರ್ದಾಗಿತ್ತಾ ಅಮ್ಮಿ?" ಸಿದ್ದಯ್ಯ ಹೆಂಡತಿಯ ಕಡೆ ತಿರುಗಿದರು.

"ನೀವು ಗೋಡೆ ಕಡೀಕೆ ತಿರಿಕ್ಕೊಂಡಿದ್ರಿ. ಎಂಗ್ ಕೇಳನ?"

ಪಥ್ಯ ಎಂದೋ ಮುಗಿದಿದೆ, ತಪ್ಪು ನನ್ನದು ಎಂದೆ. ಸಿದ್ದಯ್ಯ ಕಣ್ಣೊರೆಸಿಕೊಂಡು, ಮಾತ್ರೆ ಬರೆಯಿರಿ ಎಂದರು. ಅದು ಫಲ ಕೊಡದೆಯೂ ಇರಬಹುದೆಂದು ಎಚ್ಚರಿಸಿದೆ.

"ಕೊಡ್ದಿದ್ರೆ ಬುಡ್ಲಿ," ಎಂದರು ಗೌರಮ್ಮ. "ಪಕ್ದಲ್ಲಿ ಮಲಗ್ಬೋದು ಅಂತ ಚೀಟೀಲಿ ಬರ್ಕೊಡಿ."

ಬೇಡ ಎಂದ ವೈದ್ಯನೇ, ಇನ್ನು ಆಗಬಹುದು ಎಂದೂ ಹೇಳಬೇಕು. ಅದನ್ನು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ಮಾತ್ರೆಯ ಹೆಸರಿನ ಕೆಳಗೆ ಕನ್ನಡದಲ್ಲಿ ದೊಡ್ಡದಾಗಿ ಬರೆದೆ: ಪಕ್ಕದಲ್ಲಿ ಮಲಗಬಹುದು. ಸಹಿ ಹಾಕಿ, ಸೀಲನ್ನೂ ಒತ್ತಿದೆ.