ನಾನು ಓದಿದ್ದು, ಎದುರು ಮನೆಯಮ್ಮ ಆಡಿದ್ದು

ಕಳೆದ ವಾರ ಮೊಮ್ಮಗಳ ಶಾಲೆಯಲ್ಲಿ ವಾರ್ಷಿಕೋತ್ಸವ. ಅವಳಿಗೆ ನವಿಲಿನ ಪಾತ್ರ. ಮನೆಗೆ ಬಂದಾಗ ಕೆನ್ನೆ ಪೂರ್ತಿ ನೀಲಿ, ಹಸಿರು. ಸೋಪು ಹಾಕಿ ತಿಕ್ಕಿದರೆ ಬಣ್ಣ ಹೋಗಲಿಲ್ಲ, ಮಗು ಮಾತ್ರ ಅತ್ತಿತು. ಅಂಗೈಗೆ ಕೊಬ್ಬರಿ ಎಣ್ಣೆ ಸುರಿದುಕೊಂಡು ಮೆಲ್ಲಗೆ ಸವರಿದೆ. ಎಣ್ಣೆ, ಬಣ್ಣ, ಪೌಡರು ಎಲ್ಲ ಬೆರೆತು ಒಂದು ವಾಸನೆ ಎದ್ದಿತು ನೋಡಿ... ನನ್ನ ಕೈ ಹಾಗೇ ನಿಂತುಬಿಟ್ಟಿತು.

ಎದುರು ಮನೆಯಮ್ಮನ ವಾಸನೆ ಅದು. ಕೆಲಸವಿಲ್ಲದ ದಿನವೂ ಸಂಜೆಯಾದರೆ ಮುಖಕ್ಕೆ ಕೊಬ್ಬರಿ ಎಣ್ಣೆ ಸವರಿ, ಹಳೇ ಪಂಚೆಯ ತುಂಡಿನಲ್ಲಿ ಒರೆಸಿ, ಮೇಲೆ ಪೌಡರು ಹಾಕಿಕೊಂಡು ಜಗಲಿಗೆ ಬಂದು ಕೂರುತ್ತಿದ್ದರು. "ಬಣ್ಣ ಎಲ್ಲಿದೆ ಅಂತ ಒರೆಸ್ಕೋತೀರಮ್ಮ?" ಎಂದು ಒಮ್ಮೆ ಕೇಳಿದ್ದಕ್ಕೆ, "ಐವತ್ತು ವರ್ಷದ ಚಾಳಿ ಕಣೇ, ಮುಖ ಬಿಟ್ರೂ ಕೈ ಬಿಡಲ್ಲ" ಎಂದಿದ್ದರು.

ಹೆಸರು ಹೇಳಿದರೆ ನಿಮಗೆ ಗೊತ್ತಾಗಿಬಿಡುತ್ತದೆ, ಬೇಡ. ಮುಖವನ್ನಂತೂ ನೀವು ನೋಡೇ ಇರುತ್ತೀರಿ. ಬೆಂಗಳೂರಿನಲ್ಲಿ ಬಾಡಿಗೆ ಹೆಚ್ಚಿ, ಸಿನಿಮಾದವರ ಕರೆಗಳು ಕಡಿಮೆಯಾಗಿ, ಯಾರೋ ಪರಿಚಯದವರು ತೋರಿಸಿದರೆಂದು ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಬಂದಿದ್ದರು. ಮಗ್ಗದ ಸದ್ದು ಬೆಳಗಿನಿಂದ ಸಂಜೆಯವರೆಗೆ ನಿಲ್ಲದ ಬೀದಿ. ಸಾಮಾನು ಇಳಿಸುತ್ತಿದ್ದಾಗಲೇ ನಮ್ಮತ್ತೆ ಕಿಟಕಿಯಲ್ಲಿ ನಿಂತು ಟಿವಿ ಧಾರಾವಾಹಿಯ ಮುಖವನ್ನು ಗುರುತು ಹಿಡಿದರು.

"ಲೇ, ಅವಳೇ ಕಣೇ! ಬಸುರಿ ಸೊಸೆ ಸಾರಿಗೆ ಉಪ್ಪು ಸುರಿದೋಳು! ಹಾಲುಕ್ಕಿಸಕ್ಕೆ ಕರೆದ್ರೆ ಹೋಗ್ಬೇಡ."

ನಾನು ಅರಿಶಿನ ಕುಂಕುಮ, ಒಂದು ಮೊಳ ಕನಕಾಂಬರ ತೆಗೆದುಕೊಂಡು ಹೋದೆ. ಕೊಡಬಹುದೋ ಬಾರದೋ ಎಂದು ಕೇಳಲಿಲ್ಲ. ಅವರೂ ಏನೂ ಹೇಳದೆ ಹಣೆ ಮುಂದೆ ಮಾಡಿದರು. ವಾರದೊಳಗೆ ನಮ್ಮತ್ತೆಯೇ ಜಗಲಿಯಿಂದ ಕೂಗಿ ಕೇಳಿಬಿಟ್ಟರು: "ಅಲ್ಲಮ್ಮಾ, ಆ ಹುಡುಗೀಗೆ ಅಷ್ಟು ಹಿಂಸೆ ಕೊಟ್ಯಲ್ಲ, ನಿಂಗೆ ಒಳ್ಳೇದಾಯ್ತಾ?" ನಾನು ನಾಚಿಕೆಯಿಂದ ಒಳಗೆ ಓಡಬೇಕು, ಅಷ್ಟರಲ್ಲಿ ಅವರು ನಗದೆ ಕೈಮುಗಿದರು. "ಎಲ್ಲಿ ಒಳ್ಳೇದಾಯ್ತು ತಾಯಿ? ಮಂಡಿನೋವು ಬಂತು ನೋಡಿ." ನಮ್ಮತ್ತೆಗೆ ಅದು ನ್ಯಾಯ ಅನ್ನಿಸಿತು. ಮಾರನೇ ದಿನ ಮಂಡಿಗೆ ಕಟ್ಟಿಕೊಳ್ಳಲು ಎಕ್ಕದ ಎಲೆ ಕೊಟ್ಟು ನನ್ನನ್ನೇ ಕಳಿಸಿದರು.

ಅವರ ಬದುಕನ್ನು ಅವರು ಹೇಳಿದ್ದು ಚೂರು ಚೂರಾಗಿ, ಸೊಪ್ಪು ಬಿಡಿಸುತ್ತಾ, ಅವರೆಕಾಯಿ ಸುಲಿಯುತ್ತಾ. ತಾಯಿ ನಾಟಕದ ಕಂಪನಿಯೊಂದರಲ್ಲಿ ಅಡುಗೆ ಮಾಡುತ್ತಿದ್ದರಂತೆ. ಏಳನೇ ವಯಸ್ಸಿಗೆ ಇವರನ್ನು ರಂಗದ ಮೇಲೆ ಬಾಲಕೃಷ್ಣನಾಗಿ ನಿಲ್ಲಿಸಿದರು. ಅಲ್ಲಿಂದ ಸಿನಿಮಾಕ್ಕೆ. ಮೊದಲು ನಾಯಕಿಯ ಗೆಳತಿ, ಆಮೇಲೆ ನಾಯಕನ ತಂಗಿ, ಮೂವತ್ತೆರಡಕ್ಕೆಲ್ಲಾ ನಾಯಕನ ತಾಯಿ. "ಆ ಮಗನಿಗೆ ಆಗ ನಲವತ್ತು ಕಣೇ. ನನ್ನ ಕಾಲಿಗೆ ಬಿದ್ದು ಏಳಕ್ಕೆ ನಾನೇ ಕೈ ಕೊಡ್ತಿದ್ದೆ!" ಬಣ್ಣದ ಲೋಕದಲ್ಲಿ ಎಷ್ಟು ಸಲ ಕುಂಕುಮ ಅಳಿಸಿಕೊಂಡರೋ ಅವರಿಗೇ ಲೆಕ್ಕವಿರಲಿಲ್ಲ. ನಿಜವಾಗಿ ಮದುವೆಯೇ ಆಗಲಿಲ್ಲ. ಕೊನೆಗೆ ಟಿವಿ, ಅತ್ತೆಯ ಪಾತ್ರ, ಬೀದಿಬೀದಿಯಲ್ಲಿ ಶಾಪ. ಮಂಡಿ ಕೈಕೊಟ್ಟ ಮೇಲೆ ಅದೂ ನಿಂತು ಮೂರು ವರ್ಷವಾಗಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಕೈಯಲ್ಲಿ ಒಂದಷ್ಟು ಹಾಳೆ ಹಿಡಿದು ಬಂದರು. ಮುಖ ಬೆಳಗಿದ ತಂಬಿಗೆಯಂತೆ ಹೊಳೆಯುತ್ತಿತ್ತು. ಯಾರೋ ಹೊಸ ನಿರ್ದೇಶಕ ಕರೆದಿದ್ದಾನೆ, ತಾಯಿಯ ಪಾತ್ರ, ಮಾಕಳಿದುರ್ಗದ ತಪ್ಪಲಿನ ಹಳ್ಳಿಯಲ್ಲಿ ಐದು ದಿನದ ಕೆಲಸ. "ಕನ್ನಡಕದ ಕಾಲು ಮುರಿದೋಗಿದೆ. ಒಂದ್ಸಲ ಓದಿ ಹೇಳ್ತೀಯೇನೇ?"

ನಾನು ಓದತೊಡಗಿದೆ. ಸುಮ್ಮನೆ ಕೂರುವ ಜೀವವಲ್ಲ ಅದು. ನನ್ನ ಹೊಲಿಗೆ ಡಬ್ಬ ಎಳೆದುಕೊಂಡು, ಕೊಕ್ಕೆ ಕಿತ್ತಿದ್ದ ನನ್ನ ರವಿಕೆ ತೊಡೆಯ ಮೇಲೆ ಹಾಕಿಕೊಂಡರು. ಸೂಜಿ ಎತ್ತಿ ಒಂದೇ ಸಲಕ್ಕೆ ದಾರ ಏರಿಸಿದರು. ಕನ್ನಡಕವಿಲ್ಲದೆ.

ನನಗೆ ಅರ್ಥವಾಯಿತು. ಊರೂರು ಅಲೆಯುವ ಕಂಪನಿಯ ಮಗುವನ್ನು ಯಾವ ಶಾಲೆಗೆ ಸೇರಿಸಿಯಾರು? ನಾಟಕದಲ್ಲಿ ಮೇಷ್ಟರು ಬಾಯಲ್ಲಿ ಹೇಳಿಕೊಟ್ಟರು. ಸಿನಿಮಾ, ಟಿವಿಯಲ್ಲಿ ಕ್ಯಾಮೆರಾ ಪಕ್ಕ ಒಬ್ಬರು ನಿಂತು ಮಾತನ್ನು ಓದುತ್ತಾ ಹೋಗುತ್ತಾರಂತೆ, ಕೇಳಿಸಿಕೊಂಡು ಆಡಿದರೆ ಆಯಿತು, ದನಿಯನ್ನು ಆಮೇಲೆ ಸೇರಿಸುತ್ತಾರೆ. ಈ ನಿರ್ದೇಶಕ ಹುಡುಗನದು ಹಾಗಲ್ಲ. ನಟಿಸುವಾಗಲೇ ಮಾತನ್ನೂ ಹಿಡಿಯುತ್ತಾನಂತೆ, ಪಕ್ಕದಲ್ಲಿ ಯಾರೂ ಉಸಿರೆತ್ತುವಂತಿಲ್ಲ. ಎಲ್ಲ ಬಾಯಿಪಾಠ ಆಗಿರಬೇಕು.

"ಇದು ತಪ್ಪಿದ್ರೆ ಇನ್ಯಾರೂ ಕರಿಯಲ್ಲ ಕಣೇ" ಎಂದರು ದಾರ ಕಡಿಯುತ್ತಾ. ಕನ್ನಡಕದ ವಿಷಯ ನಾನು ಎತ್ತಲಿಲ್ಲ. ಒಬ್ಬರ ಸಂಕಟವನ್ನು ಅವರ ಬಾಯಿಂದಲೇ ಹೇಳಿಸುವುದು ಯಾವ ಪುಣ್ಯದ ಕೆಲಸ? "ನಾಳೆಯೂ ಬನ್ನಿ ಅಮ್ಮ, ಕೆಲ್ಸ ಮುಗಿಸಿ ಕೂತಿರ್ತೀನಿ" ಎಂದೆ.

ಒಂದು ತಿಂಗಳು ಓದಿದೆ. ದಿನಾ ಪೂಜೆ ಮುಗಿಸಿ, ದೇವರ ಮುಂದೆ ದೀಪ ಉರಿಯುತ್ತಿರುವಾಗಲೇ ಅದರೆದುರು ಚಾಪೆ ಹಾಸಿ ಕೂರುತ್ತಿದ್ದೆವು. ಮದುವೆಯಾದಾಗಿನಿಂದ ನನಗೆ ಅಲ್ಲೇ ಕೂತು ಪಾರಾಯಣ ಮಾಡಿ ಅಭ್ಯಾಸ. ಬೇರೆಡೆ ಕೂತರೆ ಗಂಟಲೇ ಏಳದು. ತಾಯಿಯ ಮಾತು, ಮಗನ ಮಾತು ಎರಡನ್ನೂ ನಾನೇ ಓದುವುದು. ಅವರು ಕಣ್ಣು ಮುಚ್ಚಿ, ಎರಡನೇ ಸಲಕ್ಕೆ ಒಪ್ಪಿಸಿಬಿಡುವುದು. ನಮ್ಮತ್ತೆ ಒಳಕೋಣೆಯಿಂದಲೇ "ಮಗ ಬಂದ್ನಂತಾ?" ಎಂದು ಕಥೆ ವಿಚಾರಿಸುತ್ತಿದ್ದರು.

ಅಲ್ಲೇ ನಾನೊಂದು ತಪ್ಪು ಮಾಡಿದೆ. ಕಥೆಯ ಕೊನೆಯಲ್ಲಿ ತಾಯಿ ಮಗನಿಗೆ ಹೇಳುವ ಮಾತು ಹೀಗಿತ್ತು: "ನಾನು ಸತ್ತ ದಿನ ಬಂದು ಅಳಬೇಡ. ಬದುಕಿದ್ದಾಗ ಒಂದು ದಿನ ಬಂದು ಉಂಡು ಹೋಗು." ಮಗ, "ಸಾಯೋ ಮಾತು ಯಾಕಮ್ಮ?" ಅನ್ನುತ್ತಾನೆ. ಉರಿಯುವ ದೀಪದ ಮುಂದೆ ಕೂತು ಸಾವಿನ ಮಾತು ನನ್ನ ಬಾಯಿಗೆ ಬರಲಿಲ್ಲ. ಅದೂ ಆ ವಯಸ್ಸಾದ ಜೀವದ ಕೈಲಿ ಆಡಿಸುವುದು... "ನಾನು ಇಲ್ಲದ ದಿನ ಬಂದು ಬೇಜಾರು ಮಾಡ್ಕೋಬೇಡ" ಎಂದು ತಿರುಗಿಸಿಬಿಟ್ಟೆ. ಮಗನ ಮಾತನ್ನೂ "ಅಂಥ ಮಾತು ಯಾಕಮ್ಮ" ಎಂದೆ. ಅರ್ಥ ಒಂದೇ ತಾನೇ, ಯಾರಿಗೆ ನಷ್ಟ ಎಂದುಕೊಂಡೆ.

ಶೂಟಿಂಗಿಗೆ ನನ್ನನ್ನೂ ಜೊತೆಗೆ ಕರೆದುಕೊಂಡು ಹೋದರು. ಯಜಮಾನರು "ಹೋಗ್ಬಾ, ಘಾಟಿ ದೇವಸ್ಥಾನ ಬಿಟ್ರೆ ಯಾವೂರು ನೋಡಿದೀಯ" ಎಂದು ಕಳಿಸಿಕೊಟ್ಟರು. ಹಳೇ ಕಲ್ಲುಮನೆ, ಹಿಂದೆ ಬೆಟ್ಟ, ರಸ್ತೆಯಲ್ಲಿ ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತಲು ಬಂದ ಹುಡುಗ ಹುಡುಗಿಯರು. ನಾಲ್ಕು ದಿನ ಅವರು ನಾನು ಓದಿಕೊಟ್ಟದ್ದರಲ್ಲಿ ಒಂದಕ್ಷರ ತಪ್ಪಲಿಲ್ಲ. ನಿರ್ದೇಶಕ ಹುಡುಗ ತನ್ನವರಿಗೆ "ಅಮ್ಮನ್ನ ನೋಡಿ ಕಲೀರ್ರೋ" ಅನ್ನುತ್ತಿದ್ದ. ನನಗೆ ಒಳಗೊಳಗೇ ಹಿಗ್ಗು.

ಐದನೇ ದಿನ ಆ ಮಾತು ಬಂತು. ಅವರು ನಾನು ಓದಿಕೊಟ್ಟಂತೆಯೇ ಆಡಿದರು. ಹುಡುಗ ನಿಲ್ಲಿಸಿದ. "ಅಮ್ಮ, 'ಸತ್ತ ದಿನ' ಅಂತ ಇದೆ." ಮತ್ತೆ ಆಡಿದರು, ಮತ್ತೆ ಅದೇ ಬಂತು. ಕಿವಿಯಲ್ಲಿ ಕೂತದ್ದು ಹಾಗೆ ಏಳುತ್ತದೆಯೇ? ಮೂರನೇ ಸಲಕ್ಕೆ ಅವರಿಗೂ ರೇಗಿತು. "ಇಲ್ಲಪ್ಪ, ನೀನು ಬರ್ದಿರೋದೇ ಹಂಗೆ." ಅವನು ಸಿಟ್ಟೇನೂ ಮಾಡಿಕೊಳ್ಳದೆ ಹಾಳೆ ಅವರ ಕೈಗೆ ಕೊಟ್ಟ. "ಎಲ್ಲಿದೆ ತೋರ್ಸಿ ಅಮ್ಮ, ನಾನೇ ತಪ್ಪು ಟೈಪ್ ಮಾಡಿರ್ಬೋದು."

ಇಪ್ಪತ್ತು ಮೂವತ್ತು ಜನ ನೋಡುತ್ತಿದ್ದರು. ಅವರು ಹಾಳೆ ಹಿಡಿದುಕೊಂಡರು. ಬೆರಳು ಹಾಳೆಯ ಮೇಲೆ ಓಡಾಡಿತು, ಒಂದು ಕಡೆ ನಿಂತಿತು. ಅಲ್ಲಿ ಇದ್ದದ್ದು ಬೇರೇನೋ. ಯಾರೋ ಕಿಸಕ್ಕೆಂದರು. ನನ್ನ ಕಾಲು ತಾನಾಗಿ ಮುಂದೆ ಹೋಯಿತು.

"ತಪ್ಪು ನಂದು ಸಾರ್. ದೇವ್ರ ದೀಪ ಉರೀತಿತ್ತು... ಸಾವಿನ ಮಾತು ಓದಕ್ಕಾಗ್ಲಿಲ್ಲ. ನಾನೇ ಬದಲಾಯಿಸಿ ಹೇಳ್ಕೊಟ್ಟೆ."

ಹೇಳಿದ ಮೇಲೆ ಹೊಳೆಯಿತು, ನಾನು ಎಂಥ ಗುಟ್ಟನ್ನು ಬೀದಿಗೆ ಹಾಕಿದೆ ಎಂದು. ಅವರು ನನ್ನ ಮುಖ ನೋಡಿದರು. ಬೈದರೆ ಬೈಯಲಿ ಎಂದು ತಲೆ ತಗ್ಗಿಸಿದೆ. ಅವರು ಹಾಳೆಯನ್ನು ಮಡಚಿ ಹುಡುಗನಿಗೆ ಹಿಂದಕ್ಕೆ ಕೊಟ್ಟರು.

"ಅವಳದೇನೂ ಇಲ್ಲಪ್ಪ. ನಂಗೆ ಓದಕ್ಕೆ ಬರಲ್ಲ. ಒಂದಕ್ಷರಾನೂ ಬರಲ್ಲ."

ಅವನು ಹಾಳೆಯನ್ನೂ ಅವರನ್ನೂ ನೋಡಿದ. "ಮತ್ತೆ ಇಷ್ಟು ದಿನ ಆಡಿದ್ದೆಲ್ಲಾ...?"

"ಕಿವೀಲಿ ಕೇಳಿದ್ದು. ಮಗನ ಪಾತ್ರದ ಮಾತೂ ಹೇಳ್ಲಾ?" ಎಂದವರೇ, ಮೊದಲ ಪುಟದಿಂದ ತಾಯಿಯದು, ಮಗನದು, ಹಾಲು ಹಾಕಲು ಬರುವವಳದು, ಎಲ್ಲ ಒಂದೇ ಉಸಿರಿಗೆ ಒಪ್ಪಿಸತೊಡಗಿದರು. ಕಿಸಕ್ಕೆಂದವರ ಸದ್ದಡಗಿತು. ಅವನು ಎರಡೂ ಕೈ ಎತ್ತಿ, "ಸಾಕಮ್ಮ ಸಾಕು" ಎಂದು ನಕ್ಕು, ನನ್ನ ಕಡೆ ತಿರುಗಿದ. "ಆಂಟಿ, ಈಗ ಇದ್ದದ್ದು ಇದ್ದ ಹಾಗೆ ಓದಿ."

ಶುಕ್ರವಾರ ಬೇರೆ. ಸ್ವಾಮಿ, ಇದು ನನ್ನ ಬಾಯಿ ಮಾತಲ್ಲ, ಕಾಗದದ ಮಾತು, ನೀನೇ ಕಾಯಿ ಎಂದು ಮನಸ್ಸಿನಲ್ಲೇ ಅಡ್ಡಬಿದ್ದು ಓದಿದೆ. ನಾನು ಸತ್ತ ದಿನ ಬಂದು ಅಳಬೇಡ. ಅವರು ಕಣ್ಣು ಮುಚ್ಚಿ ಕೇಳಿಸಿಕೊಂಡರು. ಆಮೇಲೆ ಕ್ಯಾಮೆರಾ ಮುಂದೆ ಆ ಮಾತನ್ನು ಎಷ್ಟು ಸಲೀಸಾಗಿ ಆಡಿದರೆಂದರೆ, ಉಪ್ಪು ತಗೊಂಬಾ ಅಂದ ಹಾಗಿತ್ತು. ಅದಕ್ಕೇ ನನಗೆ ತಡೆಯಲಾಗಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡೆ. ಹುಡುಗ "ಓಕೆ, ಮುಂದಿನದು" ಎಂದ ಅಷ್ಟೆ. ಚೆನ್ನಾಗಿ ಬಂತೋ ಇಲ್ಲವೋ ತಿಳಿಯದೆ ನಾನು ಕಣ್ಣು ಕಣ್ಣು ಬಿಟ್ಟರೆ, ಅವರು ಹತ್ತಿರ ಬಂದು ಪಿಸುಗುಟ್ಟಿದರು: "ಇವ್ರು ಓಕೆ ಅಂದ್ರೆ ಮಂಗಳಾರತಿ ಆಯ್ತು, ಪೂಜೆ ಒಪ್ಪಿತು ಅಂತ ಕಣೇ."

ವಾಪಸು ಬರುವಾಗ ಕಾರಿನಲ್ಲಿ ನಾನು ಕಿಟಕಿಯ ಹೊರಗೇ ನೋಡುತ್ತಿದ್ದೆ. ಅವರೇ ಕೇಳಿದರು.

"ಇನ್ನೂ ಏನೇನು ಬದಲಾಯಿಸಿದೀಯ? ಈಗ್ಲೇ ಹೇಳ್ಬಿಡು."

"ಒಂದ್ಕಡೆ 'ಮುಂಡೇದೆ' ಅಂತಿತ್ತು ಅಮ್ಮ... 'ಮಗನೇ' ಅಂದ್ಬಿಟ್ಟೆ. ಅದನ್ನ ಆ ಹುಡುಗ ಗಮನಿಸ್ಲಿಲ್ಲ."

ಅವರು ನಕ್ಕ ನಗೆಗೆ ಡ್ರೈವರ್ ಗಾಡಿ ನಿಧಾನ ಮಾಡಿ ತಿರುಗಿ ನೋಡಿದ. ನಗು ನಿಂತ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡು, "ಐವತ್ತು ವರ್ಷ ಕನ್ನಡಕದ ಮೇಲೆ ಹಾಕಿ ಸುಳ್ಳು ಹೇಳ್ದೆ ಕಣೇ. ಇವತ್ತು ಭುಜ ಹಗುರ ಆಗಿದೆ" ಎಂದರು.

ಅದಾದ ಮೇಲೆ ಇನ್ನೂ ಮೂರು ಪಾತ್ರ ಸಿಕ್ಕಿದವು. ಫೋನಿನಲ್ಲಿ ಅವರೇ ಮೊದಲು ಹೇಳಿಬಿಡುತ್ತಿದ್ದರು, ನಂಗೆ ಓದಕ್ಕೆ ಬರಲ್ಲ, ನಮ್ಮ ಹುಡುಗಿ ಓದ್ತಾಳೆ ಎಂದು. ಐವತ್ತೆರಡು ವರ್ಷದ ನಾನು ಅವರ ಹುಡುಗಿ! ಅಡುಗೆಮನೆಯಾಚೆ ನನ್ನದೂ ಒಂದು ಕೆಲಸವಿದೆ ಎಂದು ದೇವರು ಅವರ ಮೂಲಕ ತೋರಿಸಿಕೊಟ್ಟ. ಕೇಳದೇ ಕೊಟ್ಟ ವರ ಅದು.

ಹೋದ ಕಾರ್ತೀಕದಲ್ಲಿ, ಮೂರೇ ದಿನದ ಜ್ವರಕ್ಕೆ, ಅವರು ಹೋಗಿಬಿಟ್ಟರು... ನರಳಲಿಲ್ಲ, ಅಷ್ಟು ಕರುಣೆ. ಎಲ್ಲೋ ಒಂದು ಕಡೆ ಅವರ ಬಗ್ಗೆ "ಓದಿನ ಹವ್ಯಾಸವಿದ್ದ ಕಲಾವಿದೆ" ಎಂದು ಬರೆದಿದ್ದನ್ನು ನೋಡಿದೆ. ಪ್ರೀತಿಯಿಂದಲೇ ಬರೆದಿದ್ದಾರೆ, ಆದರೆ ಅಷ್ಟು ಕಷ್ಟಪಟ್ಟು ಇಳಿಸಿದ ಭಾರವನ್ನು ಮತ್ತೆ ಅವರ ತಲೆಗೇ ಹೊರಿಸಿದ ಹಾಗಾಯಿತು ನನಗೆ. ಇದನ್ನು ಬರೆಯಲು ಕೂತದ್ದು ಅದಕ್ಕೇ.

ಮೊನ್ನೆ ಆ ನಿರ್ದೇಶಕ ಹುಡುಗ ಫೋನು ಮಾಡಿದ್ದ. ಒಬ್ಬ ಹಿರಿಯ ನಟರಿಗೆ ಕಣ್ಣು ಮಂಜಾಗಿದೆಯಂತೆ, ನೆಲಮಂಗಲದ ಹತ್ತಿರ ಶೂಟಿಂಗಂತೆ. "ಆಂಟಿ, ಬಂದು ಓದ್ಕೊಡ್ತೀರಾ?" ಹೂಂ ಅಂದವಳೇ ಚಪ್ಪಲಿ ಮೆಟ್ಟಿಕೊಂಡು ರಸ್ತೆ ದಾಟಿದ್ದೆ. ಎದುರು ಮನೆಯ ಗೇಟಿಗೆ ಕೈಹಾಕಿದ ಮೇಲೆ ನೆನಪಾಯಿತು, ಹೇಳಲು ಅಲ್ಲಿ ಯಾರಿದ್ದಾರೆ ಎಂದು. ತಂತಿಯ ಮೇಲೆ ಯಾರದೋ ಮಗುವಿನ ಅಂಗಿಗಳು ಒಣಗುತ್ತಿದ್ದವು.

ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ಹೊರಗೆ ಬಂದಳು. "ಏನಕ್ಕ?"

"ಏನಿಲ್ಲಮ್ಮ" ಎಂದು ತಿರುಗಬೇಕು, ಮನಸ್ಸಾಗಲಿಲ್ಲ. "ನಂಗೊಂದು ಕೆಲ್ಸ ಸಿಕ್ತು. ಹೇಳೋಣ ಅಂತ ಬಂದೆ" ಎಂದೆ.

"ಹೌದಾ! ಒಳಗೆ ಬನ್ನಿ ಅಕ್ಕ, ಏನ್ ಕೆಲ್ಸ ಹೇಳಿ" ಎಂದು ಅವಳು ಬಾಗಿಲನ್ನು ಪೂರ್ತಿ ತೆರೆದಳು.