ಅಣಬೆ ಕೋಣೆಯ ದೊಡ್ಡಕ್ಕ

ಆ ಊರಿನಲ್ಲಿ ಅಣಬೆ ಬೆಳೆಯುವ ಕೆಲಸ ಶುರುಮಾಡಿದವಳು ದೊಡ್ಡಕ್ಕ. ಪಟ್ಟಣದಲ್ಲಿ ಹತ್ತು ದಿನದ ತರಬೇತಿ ಮುಗಿಸಿ ಬಂದವಳೇ, ಶಾಲೆಯ ಹಿಂದೆ ಪಾಳುಬಿದ್ದಿದ್ದ ಉಗ್ರಾಣವನ್ನು ಹಟ ಹಿಡಿದು ಕೇಳಿ ಪಡೆದಳು. ಆರು ಹೆಂಗಸರನ್ನು ಸೇರಿಸಿದಳು. ಹುಲ್ಲು ಕತ್ತರಿಸಿ, ನೆನೆಸಿ, ಡ್ರಮ್ಮಿನಲ್ಲಿ ಬೇಯಿಸಿ, ಬಸಿದು, ಬೀಜದ ಜೊತೆ ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಕತ್ತಲೆ ಕೋಣೆಯಲ್ಲಿ ತೂಗುಹಾಕಿದರೆ ಮೂರು ವಾರಕ್ಕೆ ಚೀಲದ ತೂತುಗಳಿಂದ ಬಿಳಿ ಕೊಡೆಗಳು ಇಣುಕುತ್ತಿದ್ದವು. ಹೊಲ ಇಲ್ಲದವರ ಬೇಸಾಯ ಇದು ಎನ್ನುತ್ತಿದ್ದಳು.

ಆರನೆಯವಳು ಅವಳ ಓರಗಿತ್ತಿ, ಮೈದುನನ ಹೆಂಡತಿ. ಮೈದುನ ತೀರಿಕೊಂಡ ಮೇಲೆ ನಾಲ್ಕು ವರ್ಷ ಅವಳು ಅಡುಗೆಮನೆ ಬಿಟ್ಟು ಹೊರಗೆ ಬಂದಿದ್ದೇ ಅಪರೂಪ. ಮಾತೂ ಅಷ್ಟಕ್ಕಷ್ಟೇ, ಊರಿನವರು ಮೂಗಿ ಎಂದೇ ಕರೆಯುತ್ತಿದ್ದರು. ದೊಡ್ಡಕ್ಕ ಅವಳನ್ನು ಕೈಹಿಡಿದು ಎಳೆದುಕೊಂಡೇ ಹೋದಳು. ಆರು ತಿಂಗಳಲ್ಲಿ ಅವಳು ಬೇರೆಯೇ ಹೆಂಗಸಾದಳು. ಚೀಲ ಮುಟ್ಟಿದರೆ ಸಾಕು, ತೇವ ಎಷ್ಟಿದೆ ಹೇಳಿಬಿಡುವಳು. ಪಟ್ಟಣದ ಹೋಟೆಲಿನ ಅಡುಗೆಯವನು ಚೌಕಾಸಿಗೆ ಇಳಿದರೆ, ನಿಮ್ಮ ಮೀಸೆಗಿಂತ ನನ್ನ ಅಣಬೆ ದಪ್ಪ ಇದೆ, ಸುಮ್ಮನೆ ತಗೊಳ್ಳಿ ಎಂದು ಬಾಯಿ ಮುಚ್ಚಿಸುವಳು. ಮಗಳಿಗೆ ತನ್ನ ದುಡಿಮೆಯಲ್ಲೇ ಸೈಕಲ್ ಕೊಡಿಸಿದಳು.

ಎರಡನೇ ವರ್ಷ ಅವಳಿಗೆ ಕೆಮ್ಮು ಶುರುವಾಯಿತು. ಕೊಯ್ಲು ತಡವಾದ ದಿನ ಅಣಬೆಗಳು ಪೂರ್ತಿ ಅರಳಿ ಬಿಳಿ ಹುಡಿ ಉದುರಿಸುತ್ತಿದ್ದವು. ಕೋಣೆಯೊಳಗೆ ಅದು ಹೊಗೆಯಂತೆ ನಿಲ್ಲುತ್ತಿತ್ತು. ಆ ಹುಡಿ ಎದೆಗೆ ಒಳ್ಳೆಯದಲ್ಲ, ಮೂಗು ಬಾಯಿ ಮುಚ್ಚಿಕೊಳ್ಳಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ದೊಡ್ಡಕ್ಕ ಅದನ್ನು ಹೆಂಗಸರಿಗೆ ಒಮ್ಮೆ ಹೇಳಿದ್ದಳು. ಸೆಕೆ ಎಂದು ಅವರು ಮುಖಕ್ಕೆ ಕಟ್ಟಿದ ಬಟ್ಟೆ ಕಿತ್ತೆಸೆದಾಗ ಸುಮ್ಮನಾಗಿದ್ದಳು.

ಕೆಮ್ಮು ನಿಲ್ಲದಾಗ ಓರಗಿತ್ತಿಯನ್ನು ಪಟ್ಟಣದ ಡಾಕ್ಟರ ಬಳಿ ಕರೆದೊಯ್ದಳು. ಅವರು ಎದೆ ಪರೀಕ್ಷಿಸಿ, ಧೂಳಿನಲ್ಲಿ ಏನಾದರೂ ಕೆಲಸ ಮಾಡುತ್ತಾರಾ ಎಂದು ಕೇಳಿದರು.

"ಇಲ್ಲ ಡಾಕ್ಟ್ರೇ," ಎಂದಳು ದೊಡ್ಡಕ್ಕ. "ಮನೆಕೆಲಸ ಅಷ್ಟೇ."

ಅಣಬೆಯಿಂದ ಕಾಯಿಲೆ ಬರುತ್ತದೆ ಎಂಬ ಮಾತು ಹಬ್ಬಿದರೆ ಗಂಡಂದಿರು ಹೆಂಗಸರನ್ನು ಮನೆಯಲ್ಲಿ ಕೂರಿಸುತ್ತಾರೆ, ಹೋಟೆಲಿನವರು ಕೈಬಿಡುತ್ತಾರೆ ಎಂದು ಆ ಒಂದು ಕ್ಷಣದಲ್ಲೇ ಅವಳ ತಲೆಯಲ್ಲಿ ಹಾದುಹೋಗಿತ್ತು. ಡಾಕ್ಟರು ಕೆಮ್ಮಿನ ಔಷಧ ಬರೆದುಕೊಟ್ಟರು. ಪಕ್ಕದಲ್ಲೇ ಕೂತಿದ್ದ ಓರಗಿತ್ತಿ ತುಟಿ ಬಿಚ್ಚಲಿಲ್ಲ. ಮರುದಿನ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಕೊಯ್ಲಿಗೆ ಬಂದಳು.

ಎಂಟು ತಿಂಗಳಲ್ಲಿ ಅವಳಿಗೆ ಎರಡು ಮೆಟ್ಟಿಲು ಹತ್ತುವುದೂ ಆಗದಾಯಿತು. ದೊಡ್ಡ ಆಸ್ಪತ್ರೆಯಲ್ಲಿ ದೊಡ್ಡಕ್ಕ ಈ ಸಲ ಏನನ್ನೂ ಮುಚ್ಚಿಡಲಿಲ್ಲ. ಶ್ವಾಸಕೋಶ ಗಟ್ಟಿಯಾಗಿಬಿಟ್ಟಿದೆ, ಮೊದಲೇ ಗೊತ್ತಾಗಿ ಕೆಲಸ ಬಿಡಿಸಿದ್ದರೆ ಉಳಿಸಬಹುದಿತ್ತು ಎಂದರು ಅಲ್ಲಿಯ ಡಾಕ್ಟರು.

ಹಾಸಿಗೆಯ ಪಕ್ಕ ದೊಡ್ಡಕ್ಕ ತಲೆ ತಗ್ಗಿಸಿ ಕೂತಿದ್ದಾಗ ಓರಗಿತ್ತಿಯೇ ಮಾತು ತೆಗೆದಳು, ಒಂದೊಂದು ಪದಕ್ಕೂ ಉಸಿರು ಕೂಡಿಸಿಕೊಂಡು.

"ನೀನೊಬ್ಬಳೇ ಅಲ್ಲ ಅಕ್ಕ. ನಂಗೂ ಬಾಯಿತ್ತು. ಮತ್ತೆ ಆ ಅಡುಗೆಮನೆ ಮೂಲೇಲಿ ಕೂರೋದು ನಂಗೆ ಬೇಡವಾಗಿತ್ತು."

ಬೈದಿದ್ದರೆ ದೊಡ್ಡಕ್ಕ ತಡೆದುಕೊಳ್ಳುತ್ತಿದ್ದಳೇನೋ. ಹದಿನೇಳು ದಿನಕ್ಕೆ ಓರಗಿತ್ತಿ ಹೋಗಿಬಿಟ್ಟಳು.

ಅವಳ ಮಗಳಿಗೆ ಆಗ ಹದಿನೈದು. ಬಂದ ನೆಂಟರೆಲ್ಲ ಹೊರಟ ಮೇಲೆ ದೊಡ್ಡಕ್ಕ ಅವಳನ್ನು ಎದುರಿಗೆ ಕೂರಿಸಿಕೊಂಡು, ಡಾಕ್ಟರ ಹತ್ತಿರ ತಾನು ಆಡಿದ ಸುಳ್ಳನ್ನು ಬಾಯಿಬಿಟ್ಟು ಹೇಳಿದಳು. ಯಾರೂ ಕೇಳಿರಲಿಲ್ಲ, ಹೇಳದಿದ್ದರೆ ಗೊತ್ತೂ ಆಗುತ್ತಿರಲಿಲ್ಲ. ಹುಡುಗಿ ತಲೆ ಎತ್ತಿ ಕೇಳಿದಳು.

"ಅಮ್ಮನ ಜಾಗದಲ್ಲಿ ನಿಮ್ಮ ಸ್ವಂತ ತಂಗಿ ಇದ್ದಿದ್ರೆ ನಿಜ ಹೇಳ್ತಿದ್ರಾ ದೊಡ್ಡಮ್ಮ?"

ಹುಡುಗಿ ಬಟ್ಟೆಬರೆ ಕಟ್ಟಿಕೊಂಡು ಸೋದರಮಾವನ ಮನೆಗೆ ಹೋದಳು. ಮೂರು ವರ್ಷವಾಯಿತು, ಈ ಕಡೆ ತಲೆ ಹಾಕಿಲ್ಲ.

ಕೋಣೆಗೆ ಬೀಗ ಹಾಕುತ್ತೇನೆ ಎಂದು ದೊಡ್ಡಕ್ಕ ಹೊರಟಾಗ ಉಳಿದ ಹೆಂಗಸರು ಒಪ್ಪಲಿಲ್ಲ. ತಾವೇ ಗೋಡೆ ಒಡೆದು ಎರಡು ಕಿಟಕಿ ಕೂರಿಸಿ ಜಾಲರಿ ಬಡಿದರು, ಗಾಳಿ ಹೊರಗೆ ಎಳೆಯುವ ಫ್ಯಾನು ಹಾಕಿಸಿದರು. ಈಗ ಅಣಬೆ ಪೂರ್ತಿ ಅರಳುವ ಮೊದಲೇ ಕೊಯ್ಯುತ್ತಾರೆ, ಮಾಸ್ಕ್ ಇಲ್ಲದವರನ್ನು ಒಳಗೆ ಬಿಡುವುದಿಲ್ಲ. ಹನ್ನೊಂದು ಮಂದಿಯ ಮನೆ ಅದರಿಂದ ನಡೆಯುತ್ತಿದೆ. ದೊಡ್ಡಕ್ಕ ಮಾತ್ರ ಒಳಗೆ ಕಾಲಿಡುವುದಿಲ್ಲ. ಅಂಗಳದ ಬಿಸಿಲಲ್ಲಿ ಕೂತು ಹುಲ್ಲು ಕತ್ತರಿಸುತ್ತಾಳೆ. ಕಲಿಯಲು ಹೊಸಬರು ಬಂದರೆ ಕತ್ತಿ ಕೆಳಗಿಟ್ಟು, ಕೆಲಸದ ಮಾತಿಗಿಂತ ಮೊದಲು ತಾನು ಮಾಡಿದ್ದನ್ನು ಏನೂ ಬಿಡದೆ ಹೇಳುತ್ತಾಳೆ. ಕೇಳಿ ಕೆಲವರು ಎದ್ದು ಹೋಗುತ್ತಾರೆ. ಅವಳು ಯಾರನ್ನೂ ತಡೆಯುವುದಿಲ್ಲ.