ಖಾಲಿ ಹೊಟ್ಟೆ ಕಾಯುವ ಫರ್ಹೀನ

ಮೆಹಕರ ಹಳ್ಳಿಯಲ್ಲಿ ಈಗಷ್ಟೇ ಬೆಳಕು ಹರಿಯುತ್ತಿದೆ. ಬೀದರಿನ ಲ್ಯಾಬೊಂದಕ್ಕೆ ಮನೆ ಮನೆಯಿಂದ ರಕ್ತದ ಸ್ಯಾಂಪಲ್ ಒಯ್ಯುವ ಫರ್ಹೀನ, ಮಾಯಾಳ ತೋಳಿಗೆ ರಬ್ಬರ್ ಪಟ್ಟಿ ಬಿಗಿದಿದ್ದಾರೆ. ಸೂಜಿ ಚುಚ್ಚುವ ಮುಂಚೆ ರೂಢಿಯ ಪ್ರಶ್ನೆ: "ಏನರೆ ತಿಂದಿ ಏನವ್ವ?"

"ಇಲ್ರಿ ಅಕ್ಕಾ, ಏಕಾದಶಿ ಉಪವಾಸ. ಬರೇ ಸಾಬುದಾಣಿ ಖಿಚಡಿ."

ಫರ್ಹೀನ ಪಟ್ಟಿ ಬಿಚ್ಚುತ್ತಾರೆ. ಸಬ್ಬಕ್ಕಿಯ ಆ ಖಿಚಡಿ ಮಾಡಿಕೊಟ್ಟ ಅಜ್ಜಿ ಶಾಲುಬಾಯಿಗೆ ಸಿಟ್ಟು. "ಉಪವಾಸಕ್ಕ ನಡೀತದಂತ ದೇವರೇ ಒಪ್ಯಾನ. ನಿನ್ನ ಮಶೀನಕ್ಕ ಏನ್ ಧಾಡಿ?"

"ದೇವರು ಮಾಫ್ ಮಾಡ್ತಾನ್ರಿ ಆಯಿ. ಮಶೀನ ಮಾಡಂಗಿಲ್ಲ. ನಮ್ಮ ಮಂದೀನೂ ಅಷ್ಟ, ನಸುಕಿನ್ಯಾಗ ಸಹರಿಗೆ ಹೊಟ್ಟಿತುಂಬ ಉಂಡು, ರೋಜಾ ಅದ, ರಕ್ತ ತಗೋ ಅಂತಾರ."

ಅಜ್ಜಿ ನಗುತ್ತಾರೆ. ಮಾಯಾ ನಗುವುದಿಲ್ಲ. ನಾಲ್ಕು ತಿಂಗಳಿಂದ ಮುಟ್ಟು ನಿಂತಿದೆ, ತೂಕ ಏರಿದೆ, ಗದ್ದದ ಮೇಲೆ ಕೂದಲು. ಪಿಸಿಒಎಸ್ ಎಂಬ ಹಾರ್ಮೋನು ಏರುಪೇರಿನ ತೊಂದರೆ ಇರಬಹುದೆಂದು ವೈದ್ಯರ ಅನುಮಾನ. ಹಾರ್ಮೋನುಗಳ ಜತೆಗೆ ಸಕ್ಕರೆ, ಇನ್ಸುಲಿನ್, ಕೊಬ್ಬಿನ ಅಂಶವನ್ನೂ ನೋಡಬೇಕು. ನಾಡಿದ್ದು ಗಂಡಿನ ಕಡೆಯವರು ಬರುತ್ತಾರೆ. ಈಕೆಗೆ ಮಕ್ಕಳಾಗುವುದಿಲ್ಲ ಎಂದು ಓಣಿಯಲ್ಲಿ ಆಗಲೇ ಗುಸುಗುಸು.

"ಇವತ್ತೇ ತಗೊಳ್ರಿ ಅಕ್ಕಾ, ಯಾರಿಗೂ ಹೇಳಂಗಿಲ್ಲ."

"ಉಂಡ ಮ್ಯಾಲ ಸಕ್ಕರಿ, ಇನ್ಸುಲಿನ್ ಎರಡೂ ಏರ್ತಾವ. ಇಲ್ಲದ ಸಕ್ಕರಿ ಬ್ಯಾನಿ ನಿನ್ನ ಹೆಸರಿಗೆ ಹಚ್ಚಲೇನು? ನಾಳಿ ಮೊದಲನೇ ಬಸ್ಸಿಗೆ ಬರ್ತೇನಿ. ರಾತ್ರಿ ಊಟಾದ ಮ್ಯಾಲ ಬರೇ ನೀರು."

ಭಾಲ್ಕಿ, ಔರಾದ ತಾಲ್ಲೂಕಿನ ಹಳ್ಳಿಗಳಲ್ಲಿ ಹೀಗೆ ಬರಿಗೈಲಿ ಮರಳುವುದು ಫರ್ಹೀನರಿಗೆ ಹೊಸದಲ್ಲ. ಡಾಬಕಾದ ಒಂದು ಮನೆಯವರು ನೆರೆಯವರ ಕಣ್ಣು ತಪ್ಪಿಸಿ ಹಿತ್ತಲ ಬಾಗಿಲಿನಿಂದ ಕರೆಸಿಕೊಳ್ಳುತ್ತಾರೆ. ಮುಟ್ಟಿನ ಮಾತು ಹೊರಗೆ ಹೋದರೆ ಸಂಬಂಧ ಮುರಿಯುತ್ತದೆಂಬ ಭಯ. ಒಳಗೆ ಹೋದ ಮೇಲೂ, ಏನೂ ತಿಂದಿಲ್ಲ ಎನ್ನುವವರು ಕುಡಿದ ಚಹಾವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಅದನ್ನು ಬೇರೆಯಾಗಿಯೇ ಕೇಳಬೇಕು. ತೆಗೆದ ರಕ್ತವನ್ನು ಐಸ್ ಡಬ್ಬಿಯಲ್ಲಿಟ್ಟು, ಬಸ್ಸು ಕುಲುಕಿದರೂ ಅಲುಗದಂತೆ ತೊಡೆಯ ಮೇಲೆ ಹಿಡಿದು ಕೂರುತ್ತಾರೆ.

ಮರುದಿನ ನಸುಕಿನಲ್ಲಿ ಮೆಹಕರದ ಆ ಮನೆಯಲ್ಲಿ ಒಲೆಯನ್ನೇ ಹಚ್ಚಿಲ್ಲ. ಅಡುಗೆಮನೆಯ ಹೊಸ್ತಿಲಿಗೆ ಅಜ್ಜಿಯೇ ಅಡ್ಡ ಕುಳಿತಿದ್ದಾರೆ. ಫರ್ಹೀನ ರಕ್ತ ತೆಗೆಯುತ್ತಾರೆ.

ಸಂಜೆ ವರದಿ ಬರುತ್ತದೆ. ಇನ್ಸುಲಿನ್, ಗಂಡು ಹಾರ್ಮೋನು ಟೆಸ್ಟೋಸ್ಟಿರಾನ್ ಹೆಚ್ಚಿವೆ, ಸಕ್ಕರೆ ಸರಿಯಾಗಿದೆ. ಪಿಸಿಒಎಸ್ ಹೌದು, ಆದರೆ ಔಷಧ, ನಡಿಗೆ, ಊಟದ ಶಿಸ್ತಿನಿಂದ ಮುಟ್ಟು ಹಳಿಗೆ ಬರಬಹುದು, ತಾಯಿಯಾಗಲಿಕ್ಕೂ ದಾರಿ ಇದೆ ಎನ್ನುತ್ತಾರೆ ವೈದ್ಯರು. ಗಂಡಿನ ಕಡೆಯವರಿಗೆ ಇದ್ದದ್ದು ಇದ್ದಂಗೆ ಹೇಳುವುದೆಂದು ಮಾಯಾ ತೀರ್ಮಾನಿಸಿದ್ದಾಳೆ.

ವರದಿಯಲ್ಲಿ ಫರ್ಹೀನರ ಹೆಸರು ಇರುವುದಿಲ್ಲ. "ಇರೂದೂ ಬ್ಯಾಡ್ರಿ," ಎನ್ನುತ್ತಾರೆ ಅವರು. "ಡಾಕ್ಟರು ಗುಳಗಿ ಬರೀತಾರ, ಹುಡಗಿ ನುಂಗ್ತಾಳ. ಅವರಿಬ್ಬರ ನಡುವ ನಾ ಸುಳ್ಳ ಅಂಕಿ ಒಯ್ದಿಲ್ಲ. ನನಗ ಅಷ್ಟ ಸಾಕು."